ಮನೆಯ ಮುಂದಣ ತೋರಣ

ಮನೆಯ ಅಂಗಗಳಲ್ಲಿ ಜಗಲಿಗೆ ಒಂದು ವಿಶಿಷ್ಟ ಸ್ಥಾನವಿದೆ. ಅಡುಗೆಮನೆ, ದೇವರಮನೆ, ಪಡಸಾಲೆಗಳು ಮನೆಯವರಿಗೆ ಸೇರಿದವು. ಬೀದಿ ಊರಿಗೆ ಸೇರಿದುದು. ಇವೆರಡರ ನಡುವೆ ಇರುವ ಜಗಲಿ ಮಾತ್ರ ಇಬ್ಬರಿಗೂ ಸಲ್ಲತಕ್ಕದ್ದು. ಬಿಸಿಲಿನಲ್ಲಿ ದಣಿದ ದಾರಿಹೋಕನು ಕ್ಷಣಕಾಲ ಕುಳಿತುಕೊಳ್ಳುವುದೂ ಅಲ್ಲಿಯೇ, ಮನೆಯ ಹಿರಿಯರು ಊರಿನ ಕಷ್ಟಸುಖಗಳನ್ನು ವಿಚಾರಿಸುವುದೂ ಅಲ್ಲಿಯೇ. ಆದುದರಿಂದಲೇ ಮನೆಯವರು ಊರಿಗೆ ಹೇಳಬೇಕಾದುದನ್ನು ಜಗಲಿಯ ಮೂಲಕ ಹೇಳುವ ರೂಢಿ ಬೆಳೆದು ಬಂದಿದೆ. ಬಾಗಿಲಿಗೆ ಹಸಿರು ತೋರಣ ಕಂಡರೆ ಅಲ್ಲಿ ಶುಭಕಾರ್ಯವಿದೆಯೆಂದು ದಾರಿಯಲ್ಲಿ ಹೋಗುವವರು ತಿಳಿಯುತ್ತಾರೆ. ನಿತ್ಯವೂ ರಂಗವಲ್ಲಿ ಕಾಣುತ್ತಿದ್ದ ಅಂಗಳ ಒಂದು ಬೆಳಗ್ಗೆ ಬರಿದಾಗಿದ್ದರೆ ನೆರೆಯವರು ಆತಂಕದಿಂದ ಬಂದು ವಿಚಾರಿಸುತ್ತಾರೆ. ಹೀಗೆ ಜಗಲಿಯ ಅಲಂಕಾರವು ಕೇವಲ ಶೃಂಗಾರವಲ್ಲ. ಅದು ಮನೆಯು ಊರಿನೊಡನೆ ಆಡುವ ಮಾತು.

ಆಗಸ್ಟ್ 15 ಮತ್ತು ಜನವರಿ 26ರಂದು ಈ ಮಾತು ದೇಶವನ್ನು ಕುರಿತದ್ದಾಗುತ್ತದೆ. ಆ ದಿನಗಳಲ್ಲಿ ಮನೆಯ ಮುಂಭಾಗವನ್ನು ಸಿಂಗರಿಸಬೇಕೆಂಬ ಹಂಬಲ ಸಹಜವಾದುದು, ಮೆಚ್ಚತಕ್ಕದ್ದು. ಆದರೆ ಆ ಸಿಂಗಾರವು ಎಲ್ಲಿಂದ ಬರಬೇಕು, ಹೇಗೆ ಇರಬೇಕು ಎಂಬುದು ವಿಚಾರಾರ್ಹ. ಅಂಗಡಿಯಲ್ಲಿ ಹೊಳೆಯುವ ಸರಮಾಲೆಗಳು ದೊರೆಯುತ್ತವೆ. ಐದು ನಿಮಿಷಗಳಲ್ಲಿ ಕೊಂಡು, ಐದು ನಿಮಿಷಗಳಲ್ಲಿ ಕಟ್ಟಿ, ಮರುದಿನ ಐದೇ ನಿಮಿಷಗಳಲ್ಲಿ ಕಿತ್ತೆಸೆಯಬಹುದು. ಇಷ್ಟು ಸುಲಭವಾಗಿ ಬಂದು ಹೋಗುವ ವಸ್ತುವಿನಲ್ಲಿ ಮನಸ್ಸು ನೆಲೆಸಲು ಅವಕಾಶವೆಲ್ಲಿ? ರಾಷ್ಟ್ರೀಯ ಹಬ್ಬದ ಅಲಂಕಾರವನ್ನು ಮನೆಯವರೇ ತಮ್ಮ ಕೈಯಾರೆ, ತಮ್ಮ ಊರಿನ ಸಾಮಗ್ರಿಗಳಿಂದ ಮಾಡಿಕೊಳ್ಳುವುದು ಉಚಿತ. ಅಷ್ಟೇ ಮುಖ್ಯವಾಗಿ, ಧ್ವಜವನ್ನೇ ಅಲಂಕಾರವಾಗಿ ಮಾಡದಿರುವುದು ಉಚಿತ.

ಕೈಕೆಲಸದ ಅಲಂಕಾರವೆಂದರೆ ಬಡವರ ಅನಿವಾರ್ಯವೆಂದು ಭಾವಿಸುವವರು ಸ್ವಾತಂತ್ರ್ಯ ಚಳವಳಿಯ ಇತಿಹಾಸವನ್ನು ನೋಡಬೇಕು. 1936ರ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರದಲ್ಲಿ ರಾಷ್ಟ್ರೀಯ ಕಾಂಗ್ರೆಸಿನ ಅಧಿವೇಶನವು ಮೊಟ್ಟಮೊದಲ ಬಾರಿಗೆ ಒಂದು ಹಳ್ಳಿಯಲ್ಲಿ ನಡೆಯಿತು. ಅಧಿವೇಶನದ ನಗರವನ್ನು ಹಳ್ಳಿಯ ಸಾಮಗ್ರಿಗಳಿಂದಲೇ ಕಟ್ಟಿ ಸಿಂಗರಿಸಬೇಕೆಂಬುದು ಗಾಂಧೀಜಿಯವರ ಅಪೇಕ್ಷೆಯಾಗಿತ್ತು. ಆ ಹೊಣೆಯನ್ನು ಹೊತ್ತವರು ಶಾಂತಿನಿಕೇತನದ ಚಿತ್ರಕಾರರಾದ ನಂದಲಾಲ ಬೋಸರು. ಬಿದಿರು, ಹುಲ್ಲುಗಳಂಥ ಅಗ್ಗದ ವಸ್ತುಗಳಿಂದ ಅವರು ಸೊಗಸಾದ ದ್ವಾರಗಳನ್ನೂ ಮಂಟಪಗಳನ್ನೂ ನಿರ್ಮಿಸಿದರು. ಮುಂದೆ 1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸೇರಿದ ಅಧಿವೇಶನಕ್ಕಾಗಿ ಅವರು ಕೈಯಿಂದ ತಯಾರಿಸಿದ ಕಾಗದದ ಮೇಲೆ, ಮಣ್ಣು ಮತ್ತು ಕಲ್ಲಿನ ಬಣ್ಣಗಳಿಂದ, ಚಿತ್ರಗಳ ಒಂದು ಮಾಲಿಕೆಯನ್ನೇ ರಚಿಸಿದರು. ಆ ಚಿತ್ರಗಳಲ್ಲಿ ಮೆರೆದವರು ಚಕ್ರವರ್ತಿಗಳಲ್ಲ. ಡೋಲು ಬಾರಿಸುವವನು, ಹತ್ತಿ ಎಕ್ಕುವವನು, ದರ್ಜಿ, ಧಾನ್ಯ ಕುಟ್ಟುವ ಹೆಂಗಸರು, ಮಗುವನ್ನೆತ್ತಿಕೊಂಡ ತಾಯಿ ಮುಂತಾದ ಸಾಮಾನ್ಯ ಜನರೇ ಅಲ್ಲಿ ಕಾಣಿಸಿಕೊಂಡರು. ಹಳ್ಳಿಯಿಂದ ಬಂದ ರೈತನು ದ್ವಾರದಲ್ಲಿ ನಿಂತು ನೋಡಿದಾಗ ಅವನಿಗೆ ಕಂಡುದು ಅವನದೇ ಬದುಕು. ದೇಶವೆಂದರೆ ಇಂಥ ಜನರೇ ಎಂಬ ಮಾತನ್ನು ಆ ಅಲಂಕಾರವು ಭಾಷಣವಿಲ್ಲದೆ ಹೇಳಿತು. ಮುಂದೆ ಭಾರತದ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರೂ ಇದೇ ನಂದಲಾಲ ಬೋಸರು ಮತ್ತು ಅವರ ಸಂಗಡಿಗರು.

ಅದೇ 1938ರಲ್ಲಿ, ಹರಿಪುರದ ಅಧಿವೇಶನ ಮುಗಿದು ಎರಡು ತಿಂಗಳಾಗುವಷ್ಟರಲ್ಲಿ, ಮೈಸೂರು ಸಂಸ್ಥಾನದಲ್ಲಿ ಧ್ವಜವನ್ನು ಕುರಿತ ಮತ್ತೊಂದು ಅಧ್ಯಾಯ ನಡೆಯಿತು. ಚರಕದ ಚಿಹ್ನೆಯಿದ್ದ ತ್ರಿವರ್ಣ ಧ್ವಜವನ್ನು ಹಾರಿಸುವುದಕ್ಕೆ ಅಂದು ಅಲ್ಲಿ ಪ್ರತಿಬಂಧವಿತ್ತು. ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಜನರು ಆ ಪ್ರತಿಬಂಧವನ್ನು ಮೀರಿ ಧ್ವಜವನ್ನೇರಿಸಿದರು; ನಾಯಕರು ಬಂಧನಕ್ಕೊಳಗಾದರು. ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನೆರೆದ ಜನಸ್ತೋಮದ ಮೇಲೆ ಪೊಲೀಸರ ಗುಂಡುಗಳು ಹಾರಿದುವು. ಹಲವರು ಪ್ರಾಣ ತೆತ್ತರು. ಇಂಥ ಬೆಲೆಯನ್ನು ತೆತ್ತು ಏರಿದ ಧ್ವಜವನ್ನು ದಾರಕ್ಕೆ ಪೋಣಿಸಿ, ಗಾಳಿಗೆ ತೂಗಾಡುವ ಸರವಾಗಿ ಕಟ್ಟಬಹುದೇ ಎಂಬ ಪ್ರಶ್ನೆ ವಿದುರಾಶ್ವತ್ಥವನ್ನು ನೆನೆದವರಿಗೆ ಹುಟ್ಟದೆ ಇರಲಾರದು.

ಈ ಪ್ರಶ್ನೆಗೆ ದೇಶದ ಧ್ವಜಸಂಹಿತೆಯು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಇಂದಿನ ರಾಷ್ಟ್ರಧ್ವಜವನ್ನು ಸಂವಿಧಾನ ಸಭೆಯು ಅಂಗೀಕರಿಸಿದುದು 1947ರ ಜುಲೈ 22ರಂದು. ಆದರೂ ಸಾಮಾನ್ಯ ಪ್ರಜೆಯು ತನ್ನ ಮನೆಯ ಮೇಲೆ ಅದನ್ನು ಎಲ್ಲ ದಿನಗಳಲ್ಲಿಯೂ ಹಾರಿಸುವ ಅವಕಾಶ ಬಂದುದು 2002ರ ಜನವರಿ 26ರಿಂದ ಜಾರಿಗೆ ಬಂದ ಸಂಹಿತೆಯಿಂದ. ಗೌರವಪೂರ್ವಕವಾಗಿ ಧ್ವಜವನ್ನು ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ತೀರ್ಪಿತ್ತಿತು. ಹಕ್ಕಿನೊಡನೆ ಕರ್ತವ್ಯವೂ ಬಂದಿದೆ. ಧ್ವಜವನ್ನು ತೋರಣವಾಗಿಯಾಗಲಿ, ಪತಾಕೆಗಳ ಸಾಲಾಗಿಯಾಗಲಿ, ಬೇರಾವ ಬಗೆಯ ಅಲಂಕಾರವಾಗಿಯಾಗಲಿ ಬಳಸಕೂಡದು. ಅದರ ಮೇಲೆ ಅಕ್ಷರಗಳನ್ನು ಬರೆಯಕೂಡದು. ಅದು ನೆಲವನ್ನು ಮುಟ್ಟಕೂಡದು. ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸಕೂಡದು. ಉದ್ದಗಲಗಳ ಪ್ರಮಾಣವು 3:2 ಇರಬೇಕು, ಕೇಸರಿ ಮೇಲಿರಬೇಕು. ಈ ವಿಧಿಗಳನ್ನು ಕೇವಲ ನಿರ್ಬಂಧಗಳೆಂದು ತಿಳಿಯಬೇಕಾಗಿಲ್ಲ. ದೇವರಮನೆಯ ದೀಪವೂ ದೀಪಾವಳಿಯ ಸಾಲುದೀಪವೂ ಬೆಳಕೇ ಆದರೂ ಅವುಗಳ ಸ್ಥಾನಗಳು ಬೇರೆ. ಹಾಗೆಯೇ ಧ್ವಜ ಬೇರೆ, ಅಲಂಕಾರ ಬೇರೆ. ಧ್ವಜವು ಒಂದೇ ಇರಲಿ, ನೆಟ್ಟಗೆ, ಎತ್ತರದಲ್ಲಿ ಇರಲಿ. ಸಿಂಗಾರವೆಲ್ಲ ಅದರ ಕೆಳಗೆ, ಅದರ ಸುತ್ತಲೂ ಇರಲಿ.

ಧ್ವಜವೂ ಬಹುಕಾಲದಿಂದ ಕೈಗಳ ಸೃಷ್ಟಿಯೇ ಆಗಿದೆ ಎಂಬುದು ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. ಧಾರವಾಡದ ಸಮೀಪದ ಗರಗ ಗ್ರಾಮವು ಧ್ವಜದ ಖಾದಿ ಬಟ್ಟೆಯ ನೇಯ್ಗೆಗೆ ಹೆಸರಾಗಿದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ಬಟ್ಟೆಗೆ ಬಣ್ಣ ಕಟ್ಟಿ, 24 ಅರಗಳ ಚಕ್ರವನ್ನು ಅಚ್ಚೊತ್ತಿ, ಹೊಲಿದು ಧ್ವಜವನ್ನು ಸಿದ್ಧಪಡಿಸುತ್ತಾರೆ. ದೇಶದ ಮಾನಕ ಸಂಸ್ಥೆಯು 1951ರಲ್ಲಿ ಪ್ರಕಟಿಸಿದ ಮೊದಲನೆಯ ಕ್ರಮಾಂಕದ ಮಾನಕವೇ ರಾಷ್ಟ್ರಧ್ವಜವನ್ನು ಕುರಿತದ್ದು. 2021ರ ಡಿಸೆಂಬರಿನ ತಿದ್ದುಪಡಿಯಿಂದ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ದೊರೆತಿರುವುದು ನಿಜ. ಆದರೂ ನೂಲುವವರ, ನೇಯುವವರ, ಹೊಲಿಯುವವರ ಶ್ರಮವನ್ನು ಅರಿತು ಕೊಂಡ ಒಂದು ಖಾದಿ ಧ್ವಜವು, ಅರಿಯದೆ ಕೊಂಡ ಹತ್ತು ಬಾವುಟಗಳಿಗಿಂತ ಮಿಗಿಲು.

ಇನ್ನು ಅಲಂಕಾರದ ವಿಷಯ. ಅದರ ಮೊದಲನೆಯ ಸಾಧನ ಪೊರಕೆ. ಜಗಲಿಯನ್ನೂ ಅಂಗಳವನ್ನೂ ಮಾತ್ರವಲ್ಲದೆ ಮನೆಯ ಮುಂದಣ ಬೀದಿಯ ತುಣುಕನ್ನೂ, ಪಕ್ಕದ ಚರಂಡಿಯ ಅಂಚನ್ನೂ ಗುಡಿಸಿ ಶುಚಿಗೊಳಿಸದ ಹೊರತು ಮುಂದಿನ ಯಾವ ಸಿಂಗಾರಕ್ಕೂ ಅರ್ಥವಿಲ್ಲ. ಮನೆಯ ಕಸವನ್ನು ಬೀದಿಗೆ ತಳ್ಳಿ, ಬೀದಿಯ ಕಡೆಗೆ ತೋರಣ ಕಟ್ಟುವುದು ದೇಶಪ್ರೇಮದ ವಿಡಂಬನೆಯೇ ಸರಿ.

ಆ ಬಳಿಕ ಮಾವಿನ ತೋರಣ. ತೀರ ಎಳೆಯದೂ ತೀರ ಬಲಿತದೂ ಅಲ್ಲದ ಎಲೆಗಳನ್ನು ಆರಿಸಿ ತೊಳೆದು, ಸೆಣಬಿನ ಹುರಿಯ ಮೇಲೆ ತೊಟ್ಟನ್ನು ಮಡಿಚಿ, ತೆಂಗಿನ ಗರಿಯ ಕಡ್ಡಿಯ ಚೂರಿನಿಂದ ಚುಚ್ಚಿ ನಿಲ್ಲಿಸಬೇಕು. ಎಲೆಗಳ ನಡುವೆ ಸಮನಾದ ಅಂತರವಿದ್ದರೆ ತೋರಣಕ್ಕೆ ಒಂದು ಲಯ ಬರುತ್ತದೆ. ಅದರ ಕೆಳಗೆ ಹೂವಿನ ಸರ. ಕನಕಾಂಬರ, ಮಲ್ಲಿಗೆ, ಮರುಗ ಈ ಮೂರನ್ನೂ ಒಂದೇ ಮಾಲೆಯಲ್ಲಿ ಕಟ್ಟುವ ಜಾಣ್ಮೆ ಕನ್ನಡನಾಡಿನ ಹೆಣ್ಣುಮಕ್ಕಳ ಬೆರಳುಗಳಿಗೆ ಹೊಸದಲ್ಲ. ಕೇಸರಿ, ಬಿಳಿ, ಹಸಿರು ಬಣ್ಣಗಳು ಅಲ್ಲಿ ತಾವಾಗಿಯೇ ಕೂಡಿಬರುತ್ತವೆ. ಅದು ಧ್ವಜವಲ್ಲ, ಧ್ವಜದ ನೆನಪು; ಬಾಡಿದರೆ ಧ್ವಜಕ್ಕೆ ಅಪಚಾರವಾಗದು.

ಎಲ್ಲೆಡೆಯೂ ಒಂದೇ ಬಗೆಯ ಸಾಮಗ್ರಿ ದೊರೆಯಬೇಕೆಂದಿಲ್ಲ, ದೊರೆಯದಿರುವುದೇ ಸೊಗಸು. ಆಗಸ್ಟಿನಲ್ಲಿ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆ ಬಿಡುವು ಕೊಡುವುದಿಲ್ಲ. ಕಾಗದದ ಅಲಂಕಾರ ಅಲ್ಲಿ ಒಂದು ಗಳಿಗೆಯೂ ನಿಲ್ಲದು. ಆದರೆ ಅಡಕೆಯ ಹಾಳೆಯನ್ನೂ ತೆಂಗಿನ ಎಳೆಗರಿಯನ್ನೂ ಮಳೆ ಕೆಡಿಸಲಾರದು. ಬಯಲುಸೀಮೆಯಲ್ಲಿ ಜನವರಿಯ ಹೊತ್ತಿಗೆ ಜೋಳ ತೆನೆಗಟ್ಟಿ ನಿಂತಿರುತ್ತದೆ. ಒಂದು ಹಿಡಿ ತೆನೆಯನ್ನು ಕಟ್ಟಿ ಬಾಗಿಲಿಗೆ ತೂಗುಹಾಕಿದರೆ ಅದಕ್ಕಿಂತ ಗಂಭೀರವಾದ ರಾಷ್ಟ್ರೀಯ ಅಲಂಕಾರ ಬೇರೆ ಬೇಕಿಲ್ಲ.

ಬರೆದು ಮುಗಿದ ಪುಸ್ತಕದ ಹಾಳೆಗಳಿಂದ ಮಕ್ಕಳು ಎಲೆಯಾಕಾರದ ಪತಾಕೆಗಳನ್ನು ಕತ್ತರಿಸಬಹುದು. ಒಂದೊಂದು ಪತಾಕೆಗೆ ಒಂದೊಂದೇ ಬಣ್ಣವಿರಲಿ. ಮೂರು ಬಣ್ಣಗಳನ್ನೂ ಚಕ್ರವನ್ನೂ ಕೂಡಿಸಿ ಧ್ವಜದ ಪ್ರತಿಕೃತಿಯನ್ನು ಮಾಡಬಾರದು. ಅರಿಸಿನದ ನೀರಿಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬೆರೆಸಿದರೆ ಹಳದಿಯು ಕೆಂಪಿಗೆ ತಿರುಗುತ್ತದೆ. ಹದವರಿತು ನಿಲ್ಲಿಸಿದವನಿಗೆ ಕೇಸರಿಯ ಛಾಯೆ ದೊರೆಯುತ್ತದೆ. ಕ್ಷಾರವು ಅರಿಸಿನದ ಬಣ್ಣವನ್ನು ಬದಲಿಸುವುದೆಂಬ ವಿಜ್ಞಾನದ ಪಾಠವೂ ಜಗಲಿಯ ಮೇಲೆಯೇ ಆಗುತ್ತದೆ. ಎಲೆಗಳ ರಸದಿಂದ ತಿಳಿಹಸಿರು, ಮೈದಾಹಿಟ್ಟನ್ನು ಕಾಯಿಸಿದರೆ ಅಂಟು. ಬಿಳಿಯ ಪತಾಕೆಗಳ ಮೇಲೆ ಮಕ್ಕಳು ಹಿರಿಯರನ್ನು ಕೇಳಿ ತಿಳಿದು, ತಮ್ಮ ಊರಿನ ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳನ್ನೂ ಶಾಲೆಗೆ ಜಾಗ ಕೊಟ್ಟವರ, ಕೆರೆಯ ಹೂಳೆತ್ತಿದವರ ಹೆಸರುಗಳನ್ನೂ ಬರೆಯಬಹುದು. ಹರಿಪುರದ ದ್ವಾರದಲ್ಲಿ ಆದ ಕೆಲಸವೇ ಆಗ ಒಂದು ಹಳ್ಳಿಯ ಮನೆಯ ಮುಂದೆ ಆದಂತಾಗುತ್ತದೆ.

ರಂಗವಲ್ಲಿಯ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಉತ್ಸಾಹದಿಂದ ಅಂಗಳದ ನೆಲದ ಮೇಲೆ ರಾಷ್ಟ್ರಧ್ವಜವನ್ನೋ ಅಶೋಕ ಚಕ್ರವನ್ನೋ ಬರೆಯುವುದುಂಟು. ಬರೆದವರ ಭಾವ ಒಳ್ಳೆಯದೇ. ಆದರೆ ನೆಲದ ಚಿತ್ರವನ್ನು ಸಂಜೆಯೊಳಗೆ ಹತ್ತಾರು ಪಾದಗಳು ತುಳಿಯುತ್ತವೆ. ಕೆಮ್ಮಣ್ಣಿನ ಅಂಚು ಕೊಟ್ಟು, ಅಕ್ಕಿಹಿಟ್ಟಿನಿಂದ ನವಿಲನ್ನೋ ಬಳ್ಳಿಯನ್ನೋ ತೆನೆಯನ್ನೋ ಬರೆದರೆ ಅಂಗಳವೂ ಶೋಭಿಸುತ್ತದೆ, ಚಿಹ್ನೆಯ ಮಾನವೂ ಉಳಿಯುತ್ತದೆ. ಇರುವೆ ಗುಬ್ಬಿಗಳಿಗೂ ಹಬ್ಬದೂಟವಾಗುತ್ತದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಅಂಗಡಿಯ ಸರಕು ಅಚ್ಚುಕಟ್ಟಾಗಿರುತ್ತದೆ, ಕೈಕೆಲಸ ಸೊಟ್ಟಗಿರುತ್ತದೆ ಎನ್ನುವವರಿದ್ದಾರೆ. ಸೊಟ್ಟಗಿರುವುದು ನಿಜ, ಆದರೆ ಎಂಟು ವರ್ಷದ ಹುಡುಗಿ ಕತ್ತರಿಸಿದ ಪತಾಕೆಯ ಓರೆಯಲ್ಲಿ ಅವಳ ಶ್ರಮದ ಗುರುತಿದೆ. ದುಡಿಯುವ ಜನರಿಗೆ ಬಿಡುವೆಲ್ಲಿ ಎಂಬ ಆಕ್ಷೇಪಣೆ ಹೆಚ್ಚು ತೂಕದ್ದು. ಬಿಡುವಿಲ್ಲದವರು ಒಂದು ಹಿಡಿ ಮಾವಿನೆಲೆಯನ್ನು ಕಟ್ಟಿದರೂ ಸಾಕು. ಮಹಡಿಮನೆಗಳಲ್ಲಿ ವಾಸಿಸುವ, ಜಗಲಿಯೇ ಇಲ್ಲದ ಕುಟುಂಬಗಳು ಮೆಟ್ಟಿಲ ಬಳಿಯ ಒಂದು ಗೋಡೆಯನ್ನು ಕೂಡಿ ಸಿಂಗರಿಸಿದರೆ ನೆರೆಹೊರೆಯ ಪರಿಚಯವೂ ಬೆಳೆದೀತು. ಅಲಂಕಾರದಿಂದಲೇ ದೇಶಪ್ರೇಮ ಬರುವುದೇ ಎಂಬುದು ಮತ್ತೊಂದು ಪ್ರಶ್ನೆ. ಬರುವುದಿಲ್ಲ. ಆದರೆ ಎಲೆ ಪೋಣಿಸುತ್ತ ಕುಳಿತ ಮಗು ಚಕ್ರಕ್ಕೆ ಅರಗಳೆಷ್ಟೆಂದು ಕೇಳುತ್ತದೆ. ಅಜ್ಜ ತಾನು ಬಾಲ್ಯದಲ್ಲಿ ಕೇಳಿದ ಕಥೆಯೊಂದನ್ನು ಹೇಳುತ್ತಾನೆ. ಕೊಂಡು ತಂದ ಸರಮಾಲೆ ಇಂಥ ಸಂಭಾಷಣೆಗೆ ಕಾಲವನ್ನೇ ಕೊಡದು.

ಅಲಂಕಾರದ ನಿಜವಾದ ಪರೀಕ್ಷೆ ನಡೆಯುವುದು ಹಬ್ಬದ ದಿನವಲ್ಲ, ಮರುದಿನ. ಪ್ಲಾಸ್ಟಿಕ್ಕಿನ ಬಾವುಟಗಳನ್ನೂ ಅಲಂಕಾರದ ಥರ್ಮೋಕೋಲನ್ನೂ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಕಾನೂನು ಇಲ್ಲದಿದ್ದರೂ ವಿವೇಕ ಅದನ್ನೇ ಹೇಳುತ್ತಿತ್ತು. ಒಂದು ದಿನ ಎತ್ತಿ ಹಿಡಿದುದನ್ನು ಮರುದಿನ ಚರಂಡಿಯಲ್ಲಿ ಕಾಣುವುದಕ್ಕಿಂತ ನೋವಿನ ನೋಟವಿಲ್ಲ. ಕೈಯಿಂದ ಬೀಸಿದ ಕಾಗದದ ಬಾವುಟಗಳನ್ನೂ ನೆಲಕ್ಕೆಸೆಯದೆ, ಗೌರವಕ್ಕೆ ಕುಂದಾಗದಂತೆ ಏಕಾಂತದಲ್ಲಿ ವಿಲೇವಾರಿ ಮಾಡಬೇಕೆಂದು ಧ್ವಜಸಂಹಿತೆ ವಿಧಿಸುತ್ತದೆ. ಧ್ವಜವನ್ನು ಇಳಿಸಿ, ಮಡಿಚಿ, ಶುಚಿಯಾದ ಸ್ಥಳದಲ್ಲಿ ಇರಿಸಬೇಕು. ಪತಾಕೆಗಳನ್ನು ಬಿಚ್ಚಿ ಮುಂದಿನ ವರ್ಷಕ್ಕೆ ಎತ್ತಿಡಬಹುದು. ಒಣಗಿದ ಮಾವಿನೆಲೆಯೂ ಬಾಡಿದ ಹೂವೂ ಗಿಡದ ಬುಡ ಸೇರಿ ಗೊಬ್ಬರವಾಗುತ್ತವೆ. ದೇಶದ ಹಬ್ಬವನ್ನು ಆಚರಿಸಿದ ಮನೆಯು ದೇಶದ ನೆಲದ ಮೇಲೆ ಕಸವನ್ನು ಉಳಿಸಬಾರದು. ತೋರಣವನ್ನು ಕಟ್ಟುವಾಗ ಇದ್ದ ಶ್ರದ್ಧೆ ಅದನ್ನು ಬಿಚ್ಚುವಾಗಲೂ ಇದ್ದರೆ, ಆ ಮನೆಯವರು ಹಬ್ಬವನ್ನು ಸಾರ್ಥಕವಾಗಿ ಆಚರಿಸಿದರೆಂದು ನಿಸ್ಸಂಶಯವಾಗಿ ಹೇಳಬಹುದು.