ಮುಖ ಬೇಡ, ತಳ ಬದಲಿಸಿ: ಸೆಡಾನ್ ವಿನ್ಯಾಸಕಾರರಿಗೆ ಎರೆನಾಡಿನ ಹಕ್ಕೊತ್ತಾಯ ಪತ್ರ

ಇವರಿಗೆ: ಸೆಡಾನ್ ಕಾರು ತಯಾರಿಸುವ ಕಂಪನಿಗಳ ವಿನ್ಯಾಸ ವಿಭಾಗದ ಮುಖ್ಯಸ್ಥರು
ಇವರಿಂದ: ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಕಾರು ಮಾಲೀಕರು, ಬಾಡಿಗೆ ಗಾಡಿ ಓಡಿಸುವವರು ಮತ್ತು ಹಿಂದಿನ ಸೀಟಿನಲ್ಲಿ ಕೂರುವ ಅವರ ಮನೆ ಮಂದಿ



1998ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿಟಿಯ ಐದನೇ ತಲೆಮಾರು 2020ರ ಜುಲೈನಲ್ಲಿ ಬಂತು. ಇನ್ನು ಪೂರ್ತಿ ಹೊಸದು ಹೇಗಿರುತ್ತದೆ ಎಂಬ ಮಾತು ನಮ್ಮ ಚಹಾದಂಗಡಿಗಳಲ್ಲೂ ನಡೆದಿದೆ. ಮಾರುತಿ ಸಿಯಾಜ್ 2025ರಲ್ಲಿ ನಿಂತೇ ಹೋಯಿತು. ನಮ್ಮಲ್ಲಿ ಹೆಚ್ಚು ಓಡುವ ಡಿಸೈರ್ 2024ರ ನವೆಂಬರಿನಲ್ಲಿ ಹೊಸ ರೂಪ ತೊಟ್ಟಿತು. ಪ್ರತಿ ಸಲ ಹೊಸದೆಂದು ತೋರಿಸುವುದು ಮುಂದಿನ ಜಾಲರಿ, ದೀಪ, ಒಳಗಿನ ಪರದೆ. ನಮಗೆ ಪೆಟ್ಟು ಬೀಳುವುದು ಕೆಳಗೆ. ಮುಂದಿನ ನಕ್ಷೆಗೆ ಸಹಿ ಬೀಳುವ ಮೊದಲೇ ನಮ್ಮ ಬೇಡಿಕೆಗಳು ನಿಮ್ಮ ಮೇಜಿನ ಮೇಲಿರಲಿ.

1. ಗಾಡಿಯ ತಳ ಎತ್ತರಿಸಿ. ಉಳಿದದ್ದೆಲ್ಲ ಇದಾದ ಮೇಲೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಹಳ್ಳಿಗಳ ಹಂಪುಗಳನ್ನು ಯಾವುದೋ ಅಪಘಾತವಾದ ಮರುದಿನ ಊರವರೇ ಸಿಟ್ಟಿನಲ್ಲಿ ಹಾಕಿರುತ್ತಾರೆ. ಟೇಪು ಹಿಡಿದು ಯಾರೂ ಅಳೆದಿರುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮೇಲಿನ ಡಾಂಬರೂ ಅಲೆಯಲೆಯಾಗಿ ಏಳುತ್ತದೆ. ಮದುವೆಗೆ ಹೊರಟ ಗಾಡಿ ಹಂಪಿನ ಮುಂದೆ ನಿಂತರೆ ಚಾಲಕನ ಮಾತು ಒಂದೇ: "ಇಬ್ಬರು ಇಳೀರಿ, ತಳಾ ಹತ್ತತೈತಿ." ರೇಷ್ಮೆ ಸೀರೆಯವರು ಇಳಿದು, ನಡೆದು, ಮತ್ತೆ ಹತ್ತಬೇಕು.

ಡಿಸೈರ್‌ನ ತಳ ನೆಲದಿಂದ 163 ಮಿಲಿಮೀಟರ್, ಸಿಟಿಯದು 165. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಎರಡೂ 179 ಕೊಟ್ಟಿವೆ, ಅವೂ ಸೆಡಾನುಗಳೇ. ನಡುವಿನ ವ್ಯತ್ಯಾಸ ಒಂದು ಬೆರಳಿನ ಅಗಲ. ಎಂಜಿನ್ ಎಣ್ಣೆಯ ಚೇಂಬರ್ ಉಳಿಯುವುದೂ ಒಡೆಯುವುದೂ ಅಷ್ಟರಲ್ಲೇ. ಕಾಲು ಚಾಚಲು ಜಾಗ ಬೇಕೆಂದು ಎರಡು ಗಾಲಿಗಳ ನಡುವಿನ ಅಂತರ ಹಿಗ್ಗಿಸಿ, ತಳವನ್ನು ಇದ್ದಲ್ಲೇ ಬಿಟ್ಟರೆ ಹೊಟ್ಟೆ ಇನ್ನಷ್ಟು ಬಡಿಯುತ್ತದೆ. ಉದ್ದ ಮಾಡಿದರೆ ಎತ್ತರವನ್ನೂ ಮಾಡಿ. ಐದು ಜನ ಕೂತು ಡಿಕ್ಕಿ ತುಂಬಿದ ಮೇಲೆ ಎಷ್ಟು ಎತ್ತರ ಉಳಿಯುತ್ತದೆ ಎಂಬ ಲೆಕ್ಕವನ್ನೂ ಪುಸ್ತಿಕೆಯಲ್ಲಿ ಅಚ್ಚು ಹಾಕಿ. ನಾವು ಗಾಡಿಯನ್ನು ಖಾಲಿ ಓಡಿಸುವುದಿಲ್ಲ.

ರಸ್ತೆ ಸರಿ ಮಾಡಿಸಿಕೊಳ್ಳಿ ಎಂದು ನೀವು ಹೇಳಬಹುದು. ಅದರ ಪತ್ರಗಳನ್ನು ಬೇರೆಯವರಿಗೆ ಬರೆಯುತ್ತಲೇ ಇದ್ದೇವೆ.

2. ತಳಕ್ಕೆ ಗಟ್ಟಿ ಕವಚ ಕೊಡಿ. ಸುಗ್ಗಿಯಲ್ಲಿ ನಮ್ಮ ರಸ್ತೆಗಳೇ ಕಣ. ಹೆಸರು, ಹುರುಳಿ ಹರವಿ ಗಾಡಿಗಳಿಂದಲೇ ತುಳಿಸುತ್ತಾರೆ. ಕಾನೂನು ಒಪ್ಪುವುದಿಲ್ಲ, ಆದರೂ ನಡೆಯುತ್ತದೆ. ಒಣ ಹೊಟ್ಟು ತಳದಲ್ಲಿ ಸಿಕ್ಕಿ ಬಿಸಿ ಸೈಲೆನ್ಸರ್‌ಗೆ ತಾಗಿದರೆ ಹೊತ್ತಿಕೊಳ್ಳುವ ಭಯವಿದೆ. ಶಾಖ ತಡೆಯುವ ಹಾಳೆ ಇಡೀ ಬಿಸಿ ಭಾಗವನ್ನು ಮುಚ್ಚಲಿ. ಮೂಲೆಗಳಲ್ಲಿ ಹುಲ್ಲು ಸಿಲುಕುವ ಸಂದುಗಳಿರಬಾರದು.

3. ಡಿಕ್ಕಿಯನ್ನು ಕಸಿಯಬೇಡಿ. ಸೆಡಾನನ್ನು ಮನೆತನದ ಗಾಡಿ ಅನ್ನುವುದೇ ಡಿಕ್ಕಿಯ ಕಾರಣಕ್ಕೆ. 2008ರ ಮೊದಲ ಡಿಸೈರ್ 4.16 ಮೀಟರ್ ಉದ್ದವಿತ್ತು, ಡಿಕ್ಕಿ 440 ಲೀಟರ್. ತೆರಿಗೆ ಉಳಿಸಲು 2012ರಲ್ಲಿ ಅದನ್ನು 4 ಮೀಟರಿನೊಳಗೆ ಕತ್ತರಿಸಿದರು. ಡಿಕ್ಕಿ 316ಕ್ಕೆ ಇಳಿಯಿತು. ಇಂದಿಗೂ ಅದು 382 ಲೀಟರ್, ಅಂದರೆ ಹಳೆಯ ಜಾಗ ವಾಪಸ್ ಬಂದಿಲ್ಲ. ಅದರಲ್ಲಿ ಸಿಎನ್‌ಜಿ ಸಿಲಿಂಡರ್ ಬೇರೆ ಕೂತರೆ ಬೀಗರ ಬುತ್ತಿಗೂ ಜಾಗವಿಲ್ಲ. ಟಾಟಾದವರು 2023ರಲ್ಲಿ ಟಿಗೋರ್‌ಗೆ ಎರಡು ಸಣ್ಣ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಕೂರಿಸಿ ದಾರಿ ತೋರಿಸಿದ್ದಾರೆ. ಎಲ್ಲರೂ ಆ ದಾರಿ ಹಿಡಿಯಲಿ.

ಲೀಟರ್ ಹೆಚ್ಚಿದ್ದರೂ ಬಾಯಿ ಕಿರಿದಾದರೆ ಪ್ರಯೋಜನವಿಲ್ಲ. ಸುತ್ತಿದ ನವಲಗುಂದ ಜಮಖಾನೆ ಉದ್ದಕ್ಕೆ ಒಳಹೋಗಬೇಕು, ಬಿಚ್ಚಿದ ಕಲಘಟಗಿ ತೊಟ್ಟಿಲು ಬಣ್ಣ ಕೆರೆಯದೆ ಕೂರಬೇಕು. ಹಿಂದಿನ ಸೀಟು ಅರ್ಧರ್ಧ ಮಡಚುವಂತಿರಲಿ.

4. ಮಾಳಿಗೆಯನ್ನು ಹಿಂದಕ್ಕೆ ಇಳಿಜಾರು ಮಾಡುವ ಫ್ಯಾಷನ್ ಬಿಡಿ. ನಮ್ಮ ಹಿರಿಯರು ಪಟಗಾ ಸುತ್ತಿ ಕೂರುತ್ತಾರೆ. ಮೊಣಕಾಲು ನೋವಿನ ಅವ್ವಂದಿರಿಗೆ ಸೀಟು ಸ್ವಲ್ಪ ಎತ್ತರವಿರಲಿ, ಬಾಗಿಲು ಅಗಲವಾಗಿ ತೆರೆಯಲಿ.

5. ಹಿಂದಿನವರಿಗೆ ಏಸಿ ಗಾಳಿ ಬೇಕೆಂದರೆ ಸನ್‌ರೂಫ್ ಇರುವ ದುಬಾರಿ ಮಾದರಿ ತಗೊಳ್ಳಿ ಅನ್ನಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ತೆರೆದು ನಮಗೇನಾಗಬೇಕಿದೆ? ಏಸಿಗೆ ತಿರುಗಿಸುವ ಗುಂಡಿ ಸಾಕು. ಹುಡಿ ಕೂತ ಪರದೆಯನ್ನು ಗಾಡಿ ಓಡಿಸುತ್ತ ಒರೆಸಿ, ನೋಡಿ, ಒತ್ತುವುದು ಅಪಾಯ.

6. ಸ್ಟೆಪ್ನಿ ಪೂರ್ಣ ಅಳತೆಯದೇ ಬೇಕು. ಕಲಘಟಗಿ ದಾಟಿ ಯಲ್ಲಾಪುರದ ಕಾಡಿನ ದಾರಿಯಲ್ಲಿ ರಾತ್ರಿ ಟೈರ್ ಒಡೆದರೆ ಗಾಳಿ ತುಂಬುವ ಡಬ್ಬಿ ಏನು ಮಾಡೀತು?

7. ಆರು ಏರ್‌ಬ್ಯಾಗ್, ಹಿಂದೆ ಮೂವರಿಗೂ ಪೂರ್ಣ ಬೆಲ್ಟ್ ಅತಿ ಅಗ್ಗದ ಮಾದರಿಯಲ್ಲೂ, ಹಳದಿ ಬೋರ್ಡಿನ ಗಾಡಿಯಲ್ಲೂ ಇರಲಿ. 2024ರ ಡಿಸೈರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದಿದೆ. ಆದ್ದರಿಂದ ಸಣ್ಣ ಗಾಡಿಯಲ್ಲಿ ಆಗುವುದಿಲ್ಲ ಎಂಬ ನೆಪ ಇನ್ನು ನಡೆಯದು.

8. ಗಾಡಿಯ ಕೈಪಿಡಿ ಕನ್ನಡದಲ್ಲಿರಲಿ.

9. ಇದರ ಪ್ರತಿ ಜಿಎಸ್‌ಟಿ ಮಂಡಳಿಗೂ. 2025ರ ಸೆಪ್ಟೆಂಬರ್ 22ರಿಂದ 4 ಮೀಟರಿನೊಳಗಿನ ಸಣ್ಣ ಪೆಟ್ರೋಲ್ ಕಾರಿಗೆ ಶೇ 18 ತೆರಿಗೆ, ಅದಕ್ಕಿಂತ ಉದ್ದವಾದರೆ ಶೇ 40. ಈ ಗೆರೆ ಇರುವತನಕ ಡಿಕ್ಕಿಯ ಅಳತೆ ನಿರ್ಧರಿಸುವವರು ವಿನ್ಯಾಸಕಾರರಲ್ಲ, ತೆರಿಗೆಯವರು. ಗೆರೆಯನ್ನು ಮಂಡಳಿ ಮರುಪರಿಶೀಲಿಸಲಿ.

ಡೀಸೆಲ್ ಕೇಳುತ್ತಿಲ್ಲ. ಮಾರುತಿ 2020ರಲ್ಲೇ ಬಿಟ್ಟಿತು. 2023ರ ವರ್ನಾ ಸೆಡಾನಿನಲ್ಲೂ ಬರಲಿಲ್ಲ. ಮುಗಿದ ಮಾತು.

ಕೊನೆಯದಾಗಿ, ಹೊಸ ಗಾಡಿಗೆ ಮುಸುಕಿನ ಬಟ್ಟೆ ಹಾಕಿ ಹೆದ್ದಾರಿಗಳಲ್ಲಿ ಪರೀಕ್ಷಿಸುತ್ತೀರಲ್ಲ, ಒಮ್ಮೆ ಮಳೆಗಾಲದಲ್ಲಿ ಇಲ್ಲಿಗೂ ತನ್ನಿ. ಹೆದ್ದಾರಿ ಬಿಟ್ಟು ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೊಲದ ನಡುವಿನ ರಸ್ತೆ ಹಿಡಿಯಿರಿ. ಐದು ಜನರನ್ನು ನಾವೇ ಕೂರಿಸುತ್ತೇವೆ, ಡಿಕ್ಕಿಯನ್ನೂ ನಾವೇ ತುಂಬಿಸುತ್ತೇವೆ. ಯಾರನ್ನೂ ಇಳಿಸದೆ ನವಲಗುಂದ ಮುಟ್ಟಿದರೆ ಅಲ್ಲೇ ಮುಂಗಡ ಕೊಡುತ್ತೇವೆ.