‘ಘೋಡನವರಿ’ ಅಂತ ನಗೋರಿಗೆ ಎರಡು ಮಾತು

ಬೆಳಗಾವಿ, ಖಾನಾಪುರ ಕಡೆಯವರಿಗೆ ಈ ಪದ ಗೊತ್ತೇ ಇರುತ್ತೆ. ಮರಾಠಿಯಲ್ಲಿ ಘೋಡಾ ಅಂದ್ರೆ ಕುದುರೆ, ನವರಿ ಅಂದ್ರೆ ಮದುಮಗಳು. ಮದುವೆ ‘ತಡ’ವಾದ ಹುಡುಗಿಗೆ ಇಟ್ಟ ಹೆಸರು. ನಾವು ಕನ್ನಡದವರೇನೂ ಕಮ್ಮಿ ಇಲ್ಲ ಬಿಡಿ... "ಮುದುಕಿ ಆದಮ್ಯಾಲ ಮದವಿ ಆಗ್ತಾಳೇನ?" ಅಂತ ಮಗ್ಗಲ ಮನಿಯವರೇ ಕೇಳ್ತಾರೆ. ಗಡಿಯಲ್ಲಿ ಎರಡೂ ಭಾಷೆ ಜಗಳವಿಲ್ಲದೆ ಒಪ್ಪಿಕೊಂಡ ವಿಷಯ ಇದೊಂದೇ ಇರಬೇಕು!

"ತಮಾಷೆಗಪ್ಪಾ" ಅಂತೀರಾ? ಸರಿ, ಲೆಕ್ಕ ನೋಡೋಣ. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ ಕನಿಷ್ಠ 14 ವರ್ಷ ಅಂತು. 1978ರ ತಿದ್ದುಪಡಿ ಅದನ್ನ 18 ಮಾಡ್ತು. ಒಂದು ಕಾಲಕ್ಕೆ ಮೈನೆರೆದ ಮೇಲೂ ತವರಲ್ಲಿದ್ದರೆ ‘ತಡ’, ಈಗ 28 ಆದರೆ ‘ತಡ’. ವಯಸ್ಸು ಮುಂದೆ ಹೋಯ್ತು, ಬೈಗುಳವೂ ಅದರ ಬೆನ್ನಿಗೇ ಬಂತು. ಅಂದಮೇಲೆ ಇದು ವಯಸ್ಸಿನ ಮಾತಲ್ಲ, ಹೆಣ್ಣಿನ ಬದುಕಿನ ಗಡಿಯಾರಕ್ಕೆ ಕೀಲಿ ಕೊಡೋರು ಯಾರು ಅನ್ನೋ ಮಾತು. 35ರ ಗಂಡಿಗೆ ನಾವೇನಂತೀವಿ? "ಇನ್ನೂ ಸೆಟಲ್ ಆಗ್ಬೇಕಲ್ರೀ, ಪಾಪ."

ಹಾಂಗ್‌ಕಾಂಗಿನ ಕ್ಯಾಂಟನೀಸ್ ಭಾಷೆಯಲ್ಲಿ ಮದುವೆಯಾಗದೆ ವಯಸ್ಸಾದವಳನ್ನು ‘ಲೋ ಗೂ ಪೋ’ ಅಂತ ಹೀಯಾಳಿಸ್ತಾರೆ. ಅತ್ತೆ, ಅಜ್ಜಿಯ ಸಂಬಂಧದ ಪದವನ್ನೇ ಬೈಗುಳ ಮಾಡ್ಕೊಂಡಿದ್ದಾರೆ. ನಮ್ಮ ‘ಆಂಟಿ’ ಕಥೆಯೂ ಅದೇ ತಾನೇ? ಇನ್ನು ಗಂಡ ಸತ್ತವಳ ತಲೆ ಬೋಳಿಸಿ ‘ಮುಂಡೆ’ ಅಂದ ಸಮಾಜ, ಅದನ್ನೇ ಎಲ್ಲರಿಗೂ ಬೈಗುಳ ಮಾಡಿ ಹಂಚಿತು!

ಈ ತಮಾಷೆಯ ಬಿಲ್ ಕಟ್ಟೋರು ಯಾರು? ‘ನಾಳೆ ಜನ ಏನಂತಾರ’ ಅನ್ನೋ ಹೆದರಿಕೆಗೆ ಎಂ.ಟೆಕ್ ಅರ್ಧಕ್ಕೆ ಬಿಟ್ಟವರಿದ್ದಾರೆ. ಒಲ್ಲದ ಗಂಡಿಗೆ ಹೂಂ ಅಂದವರಿದ್ದಾರೆ. "ಹುಡುಗಿಗೆ ವಯಸ್ಸಾಗೇತಿ" ಅಂತ ವರದಕ್ಷಿಣೆ ಏರಿಸಿದಾಗ ಹೊಲ ಮಾರಿದ ಅಪ್ಪಂದಿರಿದ್ದಾರೆ.

ಪದ ಬದಲಾದರೆ ಏನಾಗುತ್ತೆ ಅಂತ ಕೇಳಬೇಡಿ. ಪಕ್ಕದ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇನಲ್ಲಿ ವಿಧವೆಯರ ಬಳೆ ಒಡೆಯೋ, ಕುಂಕುಮ ಅಳಿಸೋ ಪದ್ಧತಿ ಬೇಡ ಅಂತ ಠರಾವು ಮಾಡಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಂದ ಕೈಪಿಡಿ, ‘ಸ್ಪಿನ್‌ಸ್ಟರ್’ ಬಿಟ್ಟು ‘ಅವಿವಾಹಿತ ಮಹಿಳೆ’ ಅಂತ ಬರೀರಿ ಅಂತು. ಒಂದು ಹಳ್ಳಿ, ಒಂದು ಸರ್ವೋಚ್ಚ ನ್ಯಾಯಾಲಯ ಎರಡಕ್ಕೂ ಅರ್ಥವಾಗಿದ್ದು ನಮ್ಮ ವಾಟ್ಸಾಪ್ ಗ್ರೂಪಿಗೆ ಯಾಕೆ ಅರ್ಥವಾಗಲ್ಲ?

ಮುಂದಿನ ಸಲ ಯಾರಾದರೂ ಹಾಗಂದ್ರೆ ನಗಬೇಡಿ, ಅಷ್ಟೇ. ಯಾರೂ ನಗದಿದ್ದರೆ ಆ ತಮಾಷೆ ಅಲ್ಲೇ ಸಾಯುತ್ತೆ. ಏನಂತೀರಿ?