ಡಿಜೆಗೆ ಅಡ್ವಾನ್ಸು, ಹಲಗೆಗೆ ಜೈಭೀಮ್

ಪೋಸ್ಟ್ ಉದ್ದ ಐತಿ. ಪೂರ್ತಿ ಓದ್ರಿ, ಆಮೇಲೆ ಬೈಯೋದಿದ್ರೆ ಬೈಯ್ರಿ.

ಏಪ್ರಿಲ್ 14 ಹತ್ತಿರ ಬಂದಂಗೆ ನಮ್ಮ ಊರುಗಳಲ್ಲಿ ಜಯಂತಿ ಕಮಿಟಿ ಸಭೆಗಳು ಶುರುವಾಗುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಖರ್ಚಿನ ಪಟ್ಟಿ: ಫ್ಲೆಕ್ಸು, ಹಾರ, ಟ್ರ್ಯಾಕ್ಟರು, ಶಾಮಿಯಾನ, ಊಟ, ಡಿಜೆ. ಒಂದೊಂದರ ಮುಂದೆ ಒಂದೊಂದು ಮೊತ್ತ. ಡಿಜೆಯವನಿಗೆ ಹದಿನೈದು ದಿನ ಮೊದಲೇ ಅಡ್ವಾನ್ಸು, ಯಾಕಂದ್ರೆ ಅಡ್ವಾನ್ಸ್ ಇಲ್ಲದೆ ಅವನು ಗಾಡಿ ಎತ್ತೋದಿಲ್ಲ. ಪಟ್ಟಿ ಮುಗಿಯೋ ಹೊತ್ತಿಗೆ ಯಾರೋ ಒಬ್ಬರು ನೆನಪು ಮಾಡ್ತಾರೆ: "ಹಲಗೆ?" ಅದಕ್ಕೆ ಉತ್ತರ ನಾನು ಹೋದ ಎಲ್ಲ ಊರಲ್ಲೂ ಒಂದೇ. "ಅವರು ನಮ್ಮವರೇ ಅಲ್ಲೇನಪ್ಪಾ, ಬರ್ತಾರ ಬಿಡು."

ಹಲಗೆ ಮುಂದಿನ ಜಾಗ ಖಾಲಿ. ಆ ಖಾಲಿ ಜಾಗದ ಬಗ್ಗೆ ಈ ಪೋಸ್ಟು.

ನಾನು ವಾರದಲ್ಲಿ ಆರು ದಿನ ಆಫೀಸಿನ ಗುಮಾಸ್ತ. ಟಪಾಲು, ಫೈಲು, ವೋಚರು. ಸೀಸನ್ ಬಂದಾಗ ಹಲವಾಗಲು ಸುತ್ತಮುತ್ತಲಿನ ಹನ್ನೆರಡು ಜನರ ಹಲಗೆ ತಂಡದಲ್ಲಿ ನಾನೂ ಒಬ್ಬ. ಬಿಎ ಓದಿದವನು ನಾನೊಬ್ಬನೇ ಅಂತ ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟಾರ. ಹಂಗಾಗಿ ಭಾವನೆಯ ಮಾತು ಆಮೇಲೆ, ಮೊದಲು ಲೆಕ್ಕ.

ಒಂದು ಮದುವೆಗೆ ಮಾತಾಡಿದ್ದು 18,000 ರೂಪಾಯಿ. ಗಾಡಿ ಬಾಡಿಗೆ 3,000. ದಾರಿಯ ಚಹಾ-ನಾಷ್ಟಾ, ಡ್ರೆಸ್ ಇಸ್ತ್ರಿ, ಕೋಲು-ಕಡ್ಡಿ ಎಲ್ಲ ಸೇರಿ 1,200. ರಿಪೇರಿಗೆ, ಯಾರಿಗಾದ್ರೂ ಹುಷಾರಿಲ್ಲದಾಗ ಬೇಕು ಅಂತ ತಂಡದ ಪೆಟ್ಟಿಗೆಗೆ 1,800. ಉಳಿದದ್ದು 12,000. ತಲೆಗೆ ಸಾವಿರ. ಹಿಂದಿನ ಸಂಜೆ ಹೊರಟರೆ ಮರುದಿನ ಮಧ್ಯಾಹ್ನ ಊರು ಸೇರೋದು, ಅಂದ್ರೆ ಎರಡು ದಿನದ ದುಡಿಮೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಅದಕ್ಕಿಂತ ಇದು ಮೇಲು ಅನ್ನಿಸಬಹುದು. ಆದ್ರೆ ಇಂಥ ಕೆಲಸ ನಮ್ಮ ತಂಡಕ್ಕೆ ಸಿಗೋದು ವರ್ಷಕ್ಕೆ ಮೂವತ್ತು, ಬಹಳಾದ್ರೆ ನಲವತ್ತು ದಿನ. ಭಾರತ ಹುಣ್ಣಿಮೆಗೆ ಮೈಲಾರ, ಅದರ ಬೆನ್ನಿಗೆ ಕೊಟ್ಟೂರು ತೇರು, ಯುಗಾದಿಗೆ ಉಚ್ಚಂಗಿದುರ್ಗ, ನಡುವೆ ಮದುವೆಗಳು. ಆ ದಿನಗಳಲ್ಲಿ ಒಂದೇ ದಿನಕ್ಕೆ ಮೂರು ಕಡೆಯಿಂದ ಫೋನು ಬರ್ತಾವು. ಆಷಾಢ ಬಂತು ಅಂದ್ರೆ ಫೋನು ಸತ್ತಂಗೆ ಇರ್ತೈತಿ. ಆಗ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗ್ತಾರೆ. ಸೀಸನ್‌ಗೆ ವಾಪಸ್ ಬರ್ತಾರೋ ಇಲ್ಲವೋ, ಗ್ಯಾರಂಟಿ ಇಲ್ಲ.

ಹಂಗಾದ್ರೆ ಯಾಕೆ ಬಾರಿಸ್ತೀರಿ ಅಂತ ಕೇಳೋರಿದ್ದಾರೆ. ಒಮ್ಮೆ ಹತ್ತಿರ ನಿಂತು ಕೇಳ್ರಿ. ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಉದ್ದ ತೆಳ್ಳನೆ ಕಡ್ಡಿ. ಕೋಲು ಲಯ ಹಿಡಿದರೆ ಕಡ್ಡಿ ಅದರ ಸಂದಿನಲ್ಲಿ ಮಾತಾಡ್ತೈತಿ. ಚರ್ಮದ ಹಲಗೆಯನ್ನು ಬೆಂಕಿಗೆ ಕಾಸಬೇಕು. ಕಡಿಮೆ ಕಾಸಿದರೆ ದನಿ ಸತ್ತೋಗ್ತೈತಿ, ಹೆಚ್ಚು ಕಾಸಿದರೆ ಚರ್ಮ ಬಿರಿತೈತಿ. ಮಳೆಗಾಲದಲ್ಲಿ, ತುಂಗಭದ್ರೆಯ ದಂಡೆಯ ತಂಪಿನಲ್ಲಿ, ಅರ್ಧ ಗಂಟೆಗೊಮ್ಮೆ ಕಾಸಬೇಕು. ಈಗ ಪ್ಲಾಸ್ಟಿಕ್ ಹಾಳೆಯ ಹಲಗೆ ಬಂದೈತಿ. ಅದಕ್ಕೆ ಬೆಂಕಿ ಬೇಡ, ಮಳೆಯ ಭಯ ಇಲ್ಲ, ಆದ್ರೆ ದನಿ ಬರೀ ಚಟಚಟ. ನಾವು ಎರಡನ್ನೂ ಇಟ್ಟುಕೊಂಡೀವಿ. ಹನ್ನೆರಡು ಹಲಗೆ ಒಂದೇ ಏಟಿಗೆ ಕೂಡಿದಾಗ ಮುಂದೆ ನಿಂತವನ ಎದೆ ಅದುರುತ್ತದೆ. ಇದನ್ನು ಕಲಿಯೋಕೆ ವರ್ಷಗಟ್ಟಲೆ ಬೇಕು. "ಹುಟ್ಟಿನಿಂದ ಬಂದ ಕಲೆ ಬಿಡ್ರಿ ನಿಮಗೆ" ಅಂತ ಹೊಗಳೋರಿಗೆ ಒಂದು ಮಾತು: ಹುಟ್ಟಿನಿಂದ ಬಂದದ್ದು ಜಾತಿ. ಹಲಗೆಯನ್ನು ನಾವು ಕೈ ಬೊಬ್ಬೆ ಬರೋತನಕ ಬಾರಿಸಿ ಕಲಿತಿದ್ದೀವಿ.

ಇಳಿತಗಳೂ ಅದಾವೆ. ಒಂದು ಮದುವೆ ಮನೆಯಲ್ಲಿ ಎಲ್ಲರಿಗೂ ಛತ್ರದ ಒಳಗೆ ಟೇಬಲ್ ಊಟ, ನಮಗೆ ಹಿಂದೆ ಪಾತ್ರೆ ತೊಳೆಯೋ ಜಾಗದಲ್ಲಿ. ಅದೇ ಮದುವೆಯ ಡಿಜೆ ಹುಡುಗರು ಒಳಗೆ ಉಂಡರು. ಇನ್ನೊಂದು ಜಾತ್ರೆಯಲ್ಲಿ ದೇವರ ಮುಂದೆ ಒಂದು ಮೈಲಿ ಬಾರಿಸಿಕೊಂಡು ಬಂದ ಹಲಗೆ ಗುಡಿ ಬಾಗಿಲಿಗೆ ಬಂದ ಕೂಡಲೇ ನಿಲ್ಲಬೇಕು. ದೇವರು ಒಳಗೆ ಹೋಗ್ತಾನೆ, ಅವನನ್ನು ಕರೆತಂದ ಸದ್ದು ಹೊರಗೆ. ಒಂದು ಉತ್ಸವದ ಮೆರವಣಿಗೆಗೆ ನಮ್ಮನ್ನು ಕರೆದು ಫೋಟೋ ತೆಗೆದರು, ಶಾಲು ಹೊದಿಸಿದರು. ಗೌರವಧನಕ್ಕೆ ಏಳು ತಿಂಗಳು ಅಲೆದಿದ್ದೀವಿ. ಬಸ್ ಚಾರ್ಜಿನ ಲೆಕ್ಕ ಬರೆದಿಟ್ಟೀನಿ, ಯಾರಿಗಾದ್ರೂ ಬೇಕಾದ್ರೆ ತೋರಿಸ್ತೀನಿ. ಇನ್ನು ನಮ್ಮ ಹರಪನಹಳ್ಳಿ ತಾಲ್ಲೂಕಿನ ಕಥೆ ನಿಮಗೆ ಗೊತ್ತು: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಮಾಸಾಶನದ ಅರ್ಜಿ ಹಿಡಿದ ವಯಸ್ಸಾದ ಕಲಾವಿದರಿಗೆ ಯಾವ ಊರಿನ ಬಸ್ ಹತ್ತಬೇಕು ಅನ್ನೋದೇ ದೊಡ್ಡ ಪ್ರಶ್ನೆಯಾಗಿತ್ತು.

ಈಗ ಚಳವಳಿಯ ಒಳಗಿನ ಹಳೇ ಜಗಳಕ್ಕೆ ಬರೋಣ. ಹಲಗೆ ಬಿಡಬೇಕಾ, ಹಿಡಿಯಬೇಕಾ?

ಊರಿನ ವಾದ್ಯಗಳೂ ಜಾತಿಯ ಏಣಿಯಲ್ಲೇ ಕುಂತಾವು. ಹಲಗೆ ಮಾದಿಗರಿಗೆ, ಗಂಟೆ-ಬಟ್ಟಲು ಚಲವಾದಿಗೆ, ಶಹನಾಯಿ-ಡೋಲು ಭಜಂತ್ರಿಗಳಿಗೆ. ಯಾರು ಏನು ಬಾರಿಸಬೇಕು ಅಂತ ಊರೇ ಬರೆದಿಟ್ಟದ್ದು. ಸಾವಿಗೆ ಹಲಗೆ, ಡಂಗುರಕ್ಕೆ ಹಲಗೆ, ದೇವರಿಗೆ ಹಲಗೆ. ಅದಕ್ಕೆ ಪ್ರತಿಫಲ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಸೆರಗೊಡ್ಡಿ ಪಡೆಯೋ ಆಯ. "ಬರೋದಿಲ್ಲ" ಅಂದ್ರೆ ಆಯ ಬಂದ್, ಅಂಗಡಿ ಬಂದ್, ಹೊಲದ ಕೂಲಿ ಬಂದ್. ಇದಕ್ಕೆ ನಮ್ಮ ಕಡೆ ಬಿಟ್ಟಿ ಚಾಕರಿ ಅಂತಾರೆ.

ಆದ್ದರಿಂದ ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಹಲಗೆ ಕೆಳಗಿಡೋದೇ ಸ್ವಾಭಿಮಾನ ಅಂತ ಎಷ್ಟೋ ಕೇರಿಗಳು ತೀರ್ಮಾನ ಮಾಡಿದವು. ಆ ತೀರ್ಮಾನ ಸರಿಯಾಗೇ ಇತ್ತು. ಅದೇ ಹೊತ್ತಿನಲ್ಲಿ ಚಳವಳಿ ಹಲಗೆಯನ್ನು ಬೇರೆ ಕೆಲಸಕ್ಕೆ ಎತ್ತಿಕೊಂಡಿತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಹೋರಾಟದ ಹಾಡುಗಳು ಹಲಗೆ-ತಮಟೆಯ ಮೇಲೇ ಊರೂರು ತಿರುಗಿದವು. ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ಸಂಘಟನೆಯ ಮೆರವಣಿಗೆಗಳು ಹಲಗೆ ಇಲ್ಲದೆ ಹೊರಡುತ್ತಿರಲಿಲ್ಲ. ಒಳಮೀಸಲಾತಿ ಹೋರಾಟದಲ್ಲಿ ತಮಟೆ ಚಳವಳಿ ಅಂತಲೇ ಹೆಸರು ಬಂತು. ಸಾವಿನ ಮನೆ ಮುಂದೆ ಬಾರಿಸಲ್ಲ ಅಂದ ಕೈಗಳೇ ಡಿಸಿ ಆಫೀಸಿನ ಮುಂದೆ ಬಾರಿಸಿದವು. ಇದರಲ್ಲಿ ವಿರೋಧಾಭಾಸ ಏನಿಲ್ಲ. ಒಂದು ಕಡೆ ಒತ್ತಾಯ, ಇನ್ನೊಂದು ಕಡೆ ಇಷ್ಟ.

ಈಗ ಹೊರಗಿನವರೂ ಹಲಗೆಗೆ ಮಣೆ ಹಾಕ್ತಿದ್ದಾರೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ತಮಿಳುನಾಡಿನ ವೇಲು ಆಸಾನ್ ಅವರಿಗೆ ಪರೈಗಾಗಿ 2025ರಲ್ಲಿ ಬಂತು. 2018ರಲ್ಲಿ ಚೆನ್ನೈನಲ್ಲಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಬ್ಯಾಂಡು ಗಿಟಾರು, ಡ್ರಮ್ಸು, ಪರೈ ಎಲ್ಲವನ್ನೂ ಒಂದೇ ವೇದಿಕೆಗೆ ಹತ್ತಿಸಿತು. ಇವೆಲ್ಲ ನನಗೆ ಹೆಮ್ಮೆ. ಆದ್ರೆ ಪದ್ಮಶ್ರೀ ಒಬ್ಬರಿಗೆ ಬರ್ತೈತಿ. ಊರೂರಲ್ಲಿ ಬಾರಿಸೋರಿಗೆ ಬೇಕಾದದ್ದು ಅಡ್ವಾನ್ಸು.

ನನ್ನ ಮಟ್ಟಿಗೆ ಕಲೆಗೂ ಚಾಕರಿಗೂ ವ್ಯತ್ಯಾಸ ತಿಳಿಯೋಕೆ ಒಂದೇ ಪರೀಕ್ಷೆ. ಬಾರಿಸೋನು "ಇವತ್ತು ಆಗಲ್ಲ" ಅಂದ್ರೆ ಏನಾಗ್ತೈತಿ? "ಆಯ್ತಪ್ಪಾ, ಬೇರೆ ತಂಡ ನೋಡ್ತೀವಿ" ಅಂದ್ರೆ ಅದು ಕಲೆ, ಅದು ಕೆಲಸ. "ಹೆಂಗೆ ಬರಲ್ಲ ನೋಡ್ತೀವಿ" ಅಂದ್ರೆ ಅದು ಬಿಟ್ಟಿ ಚಾಕರಿ. ವಾದ್ಯ ಅದೇ, ಚರ್ಮ ಅದೇ, ತಾಳ ಅದೇ. ಕಾನೂನೂ ಇದನ್ನೇ ಹೇಳ್ತೈತಿ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸೈತಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಐತಿ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಮ್ಮವರಿಂದ ಬಿಟ್ಟಿ ಮಾಡಿಸೋದು ಅಪರಾಧ. ಊರವರು ಒತ್ತಾಯ ಮಾಡಿದಾಗ ಈ ಕಲಂಗಳನ್ನು ನಾವು ಬಾಯಿಪಾಠ ಒಪ್ಪಿಸ್ತೀವಿ.

ಅದೇ ಪರೀಕ್ಷೆಯನ್ನು ನಮ್ಮ ಕಮಿಟಿಗಳಿಗೆ ಹಚ್ಚಿ ನೋಡ್ರಿ. ಜಯಂತಿ ದಿನ ನಮ್ಮ ತಂಡದ ಹುಡುಗ "ಅಣ್ಣಾ, ಅವತ್ತು ನನಗೆ ಮದುವೆ ಬುಕಿಂಗ್ ಐತಿ" ಅಂದ್ರೆ ಬರೋ ಉತ್ತರ: "ಏನಲೇ, ಬಾಬಾಸಾಹೇಬರಿಗಿಂತ ದುಡ್ಡು ಹೆಚ್ಚಾತೇನು?" ಕೇರಿಯಲ್ಲಿ ಅವನಿಗೆ ಮುಖ ಎತ್ತಿ ತಿರುಗೋಕೆ ಆಗದಂಗೆ ಮಾತು. ಗೌಡರ ಬಾಯಲ್ಲಿ ಬಂದ್ರೆ ದೌರ್ಜನ್ಯ ಅನ್ನೋದನ್ನ ನಮ್ಮ ಬಾಯಲ್ಲಿ ಬಂದ್ರೆ ಅಭಿಮಾನ ಅಂತೀವಿ. ಬೆಳಿಗ್ಗೆ ಎಂಟಕ್ಕೆ ಶುರುವಾದ ಮೆರವಣಿಗೆ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಮೂರರ ತನಕ. ಹಲಗೆಯವರು ಮುಂದೆ, ಅವರ ಬೆನ್ನಿಗೆ ಡಿಜೆ. ಡಿಜೆ ಸದ್ದಿಗೆ ಹಲಗೆ ಕೇಳೋದೇ ಇಲ್ಲ. ಸಂಜೆ ಡಿಜೆಯವನು ಬಾಕಿ ಎಣಿಸಿಕೊಂಡು ಹೋಗ್ತಾನೆ. ಹಲಗೆಯವನಿಗೆ ಒಂದು ನೀಲಿ ಶಾಲು, ಒಂದು ಜೈಭೀಮ್.

ಬಾಬಾಸಾಹೇಬರು ಈ ವಿಷಯದಲ್ಲಿ ಏನು ಮಾಡಿದ್ದರು? 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರ್ ವತನ್ ತಿದ್ದುಪಡಿ ಮಸೂದೆ ತಂದರು. ಹಗಲು ರಾತ್ರಿ ಊರಿನ ಚಾಕರಿ ಮಾಡೋ ಮಹಾರರು ರೈತರ ಮನೆ ಮುಂದೆ ನಿಂತು ಕಾಳು ಬೇಡೋದು ನಿಲ್ಲಬೇಕು, ದುಡಿಮೆಗೆ ನಿಗದಿಯಾದ ಹಣ ಸಿಗಬೇಕು ಅನ್ನೋದು ಅದರ ಒಂದು ಮುಖ್ಯ ಉದ್ದೇಶ. ಪುಕ್ಕಟೆ ದುಡಿಮೆಯೇ ಗುಲಾಮಗಿರಿಯ ಬೇರು ಅಂತ ಗುರುತಿಸಿದವರ ಹೆಸರಲ್ಲೇ ನಾವು ಪುಕ್ಕಟೆ ಬಾರಿಸಿಕೊಳ್ತೀವಿ.

ನನಗೆ ಬರೋ ಉತ್ತರಗಳು ಗೊತ್ತು. ಒಂದು: "ಕಮಿಟಿ ಹತ್ರ ದುಡ್ಡಿಲ್ಲ." ದುಡ್ಡಿಲ್ಲ ಅಂದ್ರೆ ಎಲ್ಲದಕ್ಕೂ ಇರಬಾರದು. ಡಿಜೆಗೆ ಇದ್ದು ಹಲಗೆಗೆ ಇಲ್ಲ ಅಂದ್ರೆ ಅದು ಬಡತನ ಅಲ್ಲ, ನಮ್ಮ ಆಯ್ಕೆ. ಎರಡು: "ಹುಡುಗರಿಗೆ ಡಿಜೆನೇ ಬೇಕು." ಇರಲಿ, ಹುಡುಗರು ಕುಣೀಲಿ, ನಾನೇನು ಬೇಡ ಅನ್ನಲ್ಲ. ಆದ್ರೆ ಕೆಲವು ಜಿಲ್ಲೆಗಳಲ್ಲಿ ಗಣೇಶನ ಹಬ್ಬಕ್ಕೆ ಡಿಜೆ ನಿಷೇಧ ಮಾಡಿದ ಕೂಡಲೇ ಅದೇ ಹುಡುಗರು ಹಲಗೆ ತಂಡ ಹುಡುಕ್ಕೊಂಡು ಬಂದು ಕುಣಿದಿದ್ದನ್ನೂ ನೋಡಿದ್ದೀವಿ. ಮೂರು: "ಚಳವಳಿ ಅಂದ್ಮೇಲೆ ಸ್ವಯಂಸೇವೆ." ಒಪ್ಪಿದೆ. ಸ್ವಯಂಸೇವೆ ಅಂದ್ರೆ ಅವನೇ ಬಂದು "ಇವತ್ತು ನನ್ನದು ಪುಕ್ಕಟೆ" ಅನ್ನಬೇಕು. ಅವನ ಪರವಾಗಿ ನೋಟ್‌ಬುಕ್ ಹಿಡಿದವರು ತೀರ್ಮಾನ ಮಾಡಿದರೆ ಅದು ಸೇವೆ ಅಲ್ಲ. ಭಾಷಣಕಾರರಿಗೆ ಕಾರು ಬಾಡಿಗೆ ಕೊಡ್ತೀವಿ, ಕೊಡಬೇಕು ಕೂಡ. ಅವರೂ ಚಳವಳಿಯವರೇ ಅಲ್ಲವಾ?

ನಾಲ್ಕನೇ ಉತ್ತರ ಒಂದೈತಿ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಹಲಗೆ ಬಾರಿಸೋನು ಕೇರಿಯೊಳಗೂ ಕೆಳಗಿನವನು. ಓದಿದವರು, ನೌಕರಿಯವರು, ಲೀಡರ್ ಆದವರು ಹಲಗೆ ಹಿಡಿಯಲ್ಲ. ಹಿಡಿದವನ ಪಕ್ಕ ಫೋಟೋಗೆ ನಿಲ್ತಾರೆ. ನಾನು ಗುಮಾಸ್ತನಾಗಿ ಹಲಗೆ ಹಿಡಿದಾಗ "ಸಾರ್, ನೀವ್ಯಾಕೆ ಸಾರ್" ಅಂತ ಕೇಳಿದವರಲ್ಲಿ ನಮ್ಮವರೇ ಹೆಚ್ಚು. ಮೇಲ್ಜಾತಿಯವರ ಕಣ್ಣಿನಿಂದ ನಮ್ಮ ವಾದ್ಯವನ್ನು ನಾವೇ ನೋಡಿದರೆ ಅದಕ್ಕೆ ಬೆಲೆ ಕಟ್ಟೋಕೆ ಮನಸ್ಸು ಎಲ್ಲಿಂದ ಬರಬೇಕು? ಸಭಾಭವನದಲ್ಲಿ ನುಡಿಸೋ ಮೃದಂಗಕ್ಕೂ ಚರ್ಮವೇ. ಅದಕ್ಕೆ ಟಿಕೆಟ್ಟು ಐತಿ, ಹಲಗೆಗೆ ಇಲ್ಲ.

ಹಂಗಾಗಿ ಕಮಿಟಿಗಳ ಮುಂದೆ, ಸಂಘಟನೆಗಳ ಮುಂದೆ ನನ್ನ ಬೇಡಿಕೆ ಇಷ್ಟೇ:

1. ಖರ್ಚಿನ ಪಟ್ಟಿಯಲ್ಲಿ ಹಲಗೆಯ ಹೆಸರು ಮೊದಲ ಸಾಲಿನಲ್ಲಿ ಬರಲಿ, ಮುಂದೆ ಮೊತ್ತ ಇರಲಿ. ಸಣ್ಣದಾದ್ರೂ ಪರವಾಗಿಲ್ಲ, ತಂಡದ ಜೊತೆ ಕುಂತು ಮಾತಾಡಿ ಬರೆಯಿರಿ.

2. ಅಡ್ವಾನ್ಸ್ ಕೊಡ್ರಿ. ಹಿಂದೆ ವೀಳ್ಯ ಕೊಡೋದು ಅಂತಿದ್ದರು. ವೀಳ್ಯ ಕೊಟ್ಟರೆ ಮಾತು ಎರಡೂ ಕಡೆ ಕಟ್ಟಿದಂಗೆ.

3. ಎಷ್ಟು ಹೊತ್ತು ಬಾರಿಸಬೇಕು ಅಂತ ಮೊದಲೇ ಹೇಳ್ರಿ. ನೆರಳು, ನೀರು, ಎಲ್ಲರ ಸಾಲಿನಲ್ಲೇ ಊಟ.

4. ಡಿಜೆ ಇಟ್ಟರೆ ಹಲಗೆಯಿಂದ ದೂರ ಇಡ್ರಿ. ಬೆನ್ನಿಗೆ ಸ್ಪೀಕರ್ ಹಚ್ಚಿದರೆ ನಮ್ಮ ತಾಳ ನಮಗೇ ಕೇಳಲ್ಲ, ಕಿವಿಯೂ ಹೋಗ್ತೈತಿ.

5. "ಆಗಲ್ಲ" ಅಂದವನನ್ನು ಬಿಟ್ಟುಬಿಡ್ರಿ. ಅವನ ಮೇಲೆ ದ್ರೋಹಿ ಅನ್ನೋ ಪಟ್ಟ ಬೇಡ.

ತಂಡಗಳಿಗೂ ಒಂದು ಮಾತು. ರೇಟು ಬರೆದಿಡ್ರಿ, ಲೆಕ್ಕ ಬರೆದಿಡ್ರಿ, ದುಡ್ಡನ್ನು ಫೋನ್‌ಪೇಯಲ್ಲಿ ತಗೊಳ್ರಿ, ಅದು ದಾಖಲೆ ಆಗ್ತೈತಿ. 16ರಿಂದ 59ರ ಒಳಗಿನವರು ಇ-ಶ್ರಮ್‌ನಲ್ಲಿ ಹೆಸರು ಹಚ್ಚಿಸ್ರಿ. ಕಾರ್ಯಕ್ರಮದ ಫೋಟೋ, ಪ್ರಮಾಣಪತ್ರ, ಪೇಪರ್ ಕಟಿಂಗ್ ಒಂದು ಫೈಲಿನಲ್ಲಿ ಇಡ್ರಿ. ನಾಳೆ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕೇಳೋದು ಅದನ್ನೇ. ಫೈಲ್ ಹೆಂಗೆ ಮಾಡೋದು ಅಂತ ಗೊತ್ತಾಗದಿದ್ರೆ ನನಗೆ ಮೆಸೇಜ್ ಮಾಡ್ರಿ, ಗುಮಾಸ್ತ ಅದೀನಿ, ಅಷ್ಟಾದ್ರೂ ಉಪಯೋಗಕ್ಕೆ ಬರ್ತೀನಿ.

ಈ ಸಲ ನಿಮ್ಮ ಊರಿನ ಜಯಂತಿ ಸಭೆಗೆ ಹೋದಾಗ ನೋಟ್‌ಬುಕ್ ಇಸ್ಕೊಂಡು ನೋಡ್ರಿ. ಹಲಗೆ ಮುಂದೆ ಏನು ಬರೆದಾರೆ ಅಂತ ಇಲ್ಲಿ ಕಾಮೆಂಟಿನಲ್ಲಿ ಹಾಕ್ರಿ. ಖಾಲಿ ಇದ್ರೆ ಖಾಲಿ ಅಂತಲೇ ಬರೆಯಿರಿ.

ಜೈಭೀಮ್.